‘12 ಗೇಜ್, ಫುಲ್ ಕಾಂಟ್ಯಾಕ್ಟ್’ ಅಂತ ಹೇಳಿ ಶೋಕೇಸ್ ಹೆಲ್ಮೆಟ್ ಕಳಿಸಿದ್ರು, ದಯವಿಟ್ಟು ಓದಿ

ಯುರೋಪಿನಲ್ಲಿದ್ದು ಬುಹುರ್ಟ್ (ಮಧ್ಯಯುಗದ ಥರದ ಉಕ್ಕಿನ ಕವಚ ತೊಟ್ಟು ನಿಜವಾಗಿಯೇ ಹೊಡೆದಾಡುವ ಆಟ) ಆಡುವ, ಆಡಬೇಕು ಅಂತ ಆಸೆ ಇರುವ ಕನ್ನಡದವರು ಒಬ್ಬರೇ ಇದ್ದರೂ ಸರಿ, ಭಾರತದಿಂದ ಹೆಲ್ಮೆಟ್ ತರಿಸುವ ಮುಂಚೆ ಇದನ್ನು ಓದಿ. ನಾನು 310 ಯೂರೋ ಕಳಕೊಂಡೆ. ದುಡ್ಡು ಹಾಳಾಗಿ ಹೋಗಲಿ, ಅದನ್ನು ತಲೆಗೆ ಹಾಕ್ಕೊಂಡು ಅಖಾಡಕ್ಕೆ ಇಳಿದೇಬಿಡ್ತಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ನಾನಿರೋದು ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ. ಒಂದೂವರೆ ವರ್ಷದಿಂದ ಇಲ್ಲಿನ ಕ್ಲಬ್ಬೊಂದರಲ್ಲಿ ಕಲೀತಿದ್ದೀನಿ. 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ‘ಬ್ಯಾಟಲ್ ಆಫ್ ದ ನೇಷನ್ಸ್’ ಅನ್ನೋ ಅಂತರರಾಷ್ಟ್ರೀಯ ಪಂದ್ಯ ಶುರುವಾಯ್ತಲ್ಲ, ಅದೇ ಆಟ. ನಾಟಕದ ಕತ್ತಿವರಸೆ ಅಲ್ಲ. ಕತ್ತಿ, ಕೊಡಲಿಯ ಬಾಯಿ ಮೊಂಡು ಮಾಡಿರ್ತಾರೆ, ತಿವಿಯೋ ಹಾಗಿಲ್ಲ, ಆದರೆ ಬೀಳೋ ಏಟು ನಿಜವಾದ ಏಟು. ಪಾದ ಬಿಟ್ಟು ಮೈಯ ಬೇರೆ ಭಾಗ ನೆಲ ಮುಟ್ಟಿದರೆ ಔಟ್. ಎದುರಾಳಿಯನ್ನು ಹೇಗಾದರೂ ನೆಲಕ್ಕೆ ಬೀಳಿಸೋದೇ ಗುರಿ, ಹಾಗಾಗಿ ತಲೆಗೆ ಬೀಳೋ ಏಟೇ ಜಾಸ್ತಿ.

ಇಲ್ಲಿ ಕೈಯಲ್ಲಿ ಬಡಿದು ಹೆಲ್ಮೆಟ್ ಮಾಡುವವರ ಹತ್ತಿರ ಕೇಳಿದೆ. 600 ಯೂರೋ, ಆರು ತಿಂಗಳು ಕಾಯಬೇಕು ಅಂದ್ರು. ಆಗ ನಾನು ಕ್ಲಬ್ಬಿನಲ್ಲಿ ಎಲ್ಲರ ಮುಂದೆ ನಮ್ಮ ದೇಶದಿಂದ ತರಿಸ್ತೀನಿ ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಳೇ ಕಾಲದಲ್ಲಿ ಜಗತ್ತೇ ಮೆಚ್ಚಿದ ‘ವೂಟ್ಜ್’ ಉಕ್ಕಿದೆಯಲ್ಲ, ಆ ಹೆಸರೇ ನಮ್ಮ ಕನ್ನಡದ ‘ಉಕ್ಕು’ ಪದದಿಂದ ಬಂದಿದ್ದು ಅಂತಾರೆ, ಅಂತ ಅರ್ಧ ಗಂಟೆ ಹೇಳಿದೆ. ಆಮೇಲೆ ಅದೇ ಜನರ ಮುಂದೆ ಆ ಡಬ್ಬ ಇಟ್ಟುಕೊಂಡು ನಿಲ್ಲಬೇಕಾಯ್ತು.

ಮಾರಾಟಗಾರ ಉತ್ತರ ಭಾರತದವನು. ಡೆಹ್ರಾಡೂನ್, ಮೀರತ್ ಕಡೆ ಇಂಥ ಕವಚ, ಕತ್ತಿಗಳನ್ನು ಮಾಡಿ ಹೊರದೇಶಕ್ಕೆ ಕಳಿಸೋರು ಬಹಳ ಜನ ಇದ್ದಾರೆ, ಎಲ್ಲರೂ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಗೋಡೆಗೆ ನೇತುಹಾಕೋಕೆ, ಸಿನಿಮಾಕ್ಕೆ ಚೆನ್ನಾಗಿಯೇ ಮಾಡ್ತಾರೆ. ಶೋಕೇಸಿನ ಮಾಲನ್ನು ಕಾದಾಟದ ಮಾಲು ಅಂತ ಮಾರೋದು ಮೋಸ. ನಾನು ಸ್ಪಷ್ಟವಾಗಿ ಬರೆದಿದ್ದೆ: 14ನೇ ಶತಮಾನದ ‘ಬ್ಯಾಸಿನೆಟ್’ ಮಾದರಿಯ ಹೆಲ್ಮೆಟ್, ಹಂದಿಮೂತಿಯ ಮುಖಗವಚ, 12 ಗೇಜ್, ಕೊರಳಿಗೆ ರಿವೆಟ್ ಹೊಡೆದ ಸಣ್ಣ ಉಕ್ಕಿನ ಬಳೆಗಳ ಜಾಲ. ಅವನ ಉತ್ತರ: “ಫುಲ್ ಕಾಂಟ್ಯಾಕ್ಟ್ ಪಕ್ಕಾ ಸರ್. ನೀವು ನಮ್ಮವರು, ನಿಮಗೆ ಮೋಸ ಮಾಡ್ತೀವಾ?” ಮಾರಾಟದ ವೆಬ್‌ಸೈಟಿನ ಮೂಲಕ ಬೇಡ, ನೇರ ಬ್ಯಾಂಕಿಗೆ ಹಾಕಿ, ಹತ್ತು ಪರ್ಸೆಂಟ್ ಕಮ್ಮಿ ಮಾಡ್ತೀನಿ ಅಂದ. ಹಾಕಿದೆ.

ಗೇಜ್ ಲೆಕ್ಕ ಗೊತ್ತಿಲ್ಲದವರಿಗೆ: ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ. 12 ಅಂದರೆ 2.6 ಮಿ.ಮೀ., 14 ಅಂದರೆ 2, 16 ಅಂದರೆ 1.6, 18 ಅಂದರೆ 1.2. ಸಾದಾ ಉಕ್ಕಾದರೆ ತಲೆಗೆ 2 ಮಿ.ಮೀ.ಗಿಂತ ತೆಳ್ಳಗಿರೋದನ್ನು ನಮ್ಮ ಕ್ಲಬ್ಬಿನಲ್ಲಿ ಯಾರೂ ಮುಟ್ಟಲ್ಲ.

ಪಾರ್ಸೆಲ್ ಬಂದ ದಿನ ಖುಷಿಯೋ ಖುಷಿ. ಕನ್ನಡಿಯ ಹಾಗೆ ಪಾಲಿಶ್. ಅಂಚು ಮುಟ್ಟಿ ನೋಡಿದೆ, ದಪ್ಪ ಇತ್ತು. ಅಂಚನ್ನು ಒಳಕ್ಕೆ ಮಡಚಿದ್ದಾರೆ, ನಾನು ಮುಟ್ಟಿದ್ದು ಎರಡು ಪದರ ಅನ್ನೋದು ತಲೆಗೇ ಹೋಗಲಿಲ್ಲ. ಹಾಕ್ಕೊಂಡು ಫೋಟೋ ತೆಗೆದು ಅವನಿಗೇ ಕಳಿಸಿ ಥ್ಯಾಂಕ್ಸ್ ಬೇರೆ ಹೇಳಿದೆ.

ಮಾರನೇ ದಿನ ನಮ್ಮ ಕೋಚ್ ಹೆಲ್ಮೆಟ್ ಕೈಗೆ ತಗೊಂಡ ತಕ್ಷಣ ಮುಖ ಸಣ್ಣ ಮಾಡಿದರು. ಬೆರಳಲ್ಲಿ ಟಕ್ ಅಂತ ತಟ್ಟಿದರು, ಖಾಲಿ ಬಣ್ಣದ ಡಬ್ಬದ ಸದ್ದು. ಮುಖಗವಚದ ಉಸಿರುತೂತಿಗೆ ದಪ್ಪ ಅಳೆಯೋ ಕ್ಯಾಲಿಪರ್ ಹಾಕಿದರು. 1.2 ಮಿ.ಮೀ. ಏನೂ ಮಾತಾಡದೆ ಅದನ್ನು ಮರದ ಕಂಬದ ಮೇಲಿಟ್ಟು ಅಭ್ಯಾಸದ ಕೊಡಲಿಯಿಂದ ಒಂದೇ ಏಟು ಹಾಕಿದರು. ನೆತ್ತಿಯ ಮೇಲೆ ನನ್ನ ಹೆಬ್ಬೆರಳು ಪೂರ್ತಿ ಕೂರುವಷ್ಟು ಗುಂಡಿ. ಪಕ್ಕದ ಕೀಲು ಕಿತ್ತು ಮುಖಗವಚ ಜೋತುಬಿತ್ತು. ಜಾಲದ ಬಳೆಗಳಿಗೆ ರಿವೆಟ್ಟೇ ಇಲ್ಲ, ಬರೀ ತುದಿಗೆ ತುದಿ ಮುಟ್ಟಿಸಿದ್ದು. ಬಿಚ್ಚಿಕೊಂಡ ಏಳೆಂಟು ಬಳೆ ನೆಲದ ಮೇಲೆ ಉರುಳಿಕೊಂಡು ಹೋದವು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅವತ್ತೇ ರಾತ್ರಿ ಅವನಿಗೆ ಬರೆದೆ. ಮೊದಲ ಉತ್ತರ: “ಬಡಿಯುವಾಗ ಶೀಟ್ ತೆಳ್ಳಗಾಗುತ್ತೆ ಸರ್, ನ್ಯಾಚುರಲ್.” ನೆತ್ತಿಯ ಕಡೆ ಸ್ವಲ್ಪ ತೆಳ್ಳಗಾಗೋದು ನಿಜ, ಅರ್ಧಕ್ಕರ್ಧ ಆಗಲ್ಲ. ಮುಖಗವಚದಲ್ಲೂ 1.2 ಇದೆ ಅಂದೆ. ಎರಡನೇ ಉತ್ತರ: “ನೀವು ತುಂಬ ಜೋರಾಗಿ ಹೊಡೆದಿದ್ದೀರಿ ಸರ್.” ತುಂಬ ಜೋರಾಗಿ! ಕಾದಾಟದ ಹೆಲ್ಮೆಟ್ಟಿಗೆ ಮೆತ್ತಗೆ ಹೊಡೀಬೇಕಿತ್ತಾ? ಮೂರನೆಯದು: “ಬಾಕ್ಸಿನಲ್ಲಿರೋ ಚೀಟಿ ನೋಡಿ.” ನೋಡಿದೆ. ‘ಅಲಂಕಾರಿಕ ವಸ್ತು, ಕಾದಾಟಕ್ಕಲ್ಲ’ ಅಂತ ಇಂಗ್ಲಿಷಿನಲ್ಲಿ ಸಣ್ಣದಾಗಿ ಪ್ರಿಂಟಾಗಿದೆ. ಈ ಚೀಟಿಯ ಬಗ್ಗೆ ಪಾರ್ಸೆಲ್ ಬಿಚ್ಚಿದ ದಿನವೇ ಕೇಳಿದ್ದೆ. “ಅದು ಕಸ್ಟಮ್ಸ್‌ಗೋಸ್ಕರ ಸರ್, ಎಲ್ಲರಿಗೂ ಹಾಕ್ತೀವಿ” ಅಂದಿದ್ದ. ಈಗ ಅದೇ ಚೀಟಿ ಅವನ ಸಾಕ್ಷಿ. ನನಗೆ ಅತಿ ಹೆಚ್ಚು ಉರಿದದ್ದು ಇಲ್ಲೇ. ಚೀಟಿ ಹಾಕುವಾಗಲೇ ಅವನಿಗೆ ಗೊತ್ತಿತ್ತು.

ಅಪ್ಪನಿಗೆ ಹೇಳೋಕೆ ಒಂದು ವಾರ ತಗೊಂಡೆ. ಅವರು ಭದ್ರಾವತಿಯ ಉಕ್ಕಿನ ಫ್ಯಾಕ್ಟರಿಯಲ್ಲಿ 31 ವರ್ಷ ದುಡಿದವರು. ಕೇಳಿದ ಮೊದಲ ಮಾತು, “ತೂಕ ಎಷ್ಟು ಬಂತೋ?” ಎರಡು ಕೆಜಿ ನಾನೂರು ಗ್ರಾಂ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. “ಒಂದು ಮಿಲ್ಲಿಮೀಟರ್ ಶೀಟು, ಚದರ ಮೀಟರಿಗೆ ಎಂಟು ಕೆಜಿ ಹತ್ತತ್ರ ಬರುತ್ತೆ ಕಣೋ. ನೀನು ಹೇಳಿದ ದಪ್ಪಕ್ಕೆ ಐದು ಕೆಜಿ ಬರಬೇಕಿತ್ತು. ನನ್ನ ಒಂದು ಮಾತು ಕೇಳಬಾರದಿತ್ತಾ?” ಅಂದ್ರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಾಗಾಗಿ ತರಿಸೋದೇ ಆದರೆ ತಕ್ಕಡಿ ಮೇಲಿಟ್ಟು ವಿಡಿಯೋ ಕಳಿಸಿ ಅನ್ನಿ. ಕಣ್ಣಿನ ಸೀಳಿಗೋ ಉಸಿರುತೂತಿಗೋ ಕ್ಯಾಲಿಪರ್ ಹಾಕಿ ತೋರಿಸಿ ಅನ್ನಿ, ಅಂಚಿಗೆ ಹಾಕಿದ್ದನ್ನು ನಂಬಬೇಡಿ. ನೇರ ಬ್ಯಾಂಕಿಗೆ ಹಾಕಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ‘ನಮ್ಮವರು’ ಅಂದರೆ ಇನ್ನೂ ಬೇಗ ನಿಲ್ಲಿಸಿ.

ಇಷ್ಟೆಲ್ಲ ಇವತ್ತು ಬರೆಯೋಕೆ ಕಾರಣ ಇದೆ. ನಾನು ಕಳಿಸಿದ ಫೋಟೋವನ್ನೇ ಅವನು ಜಾಹೀರಾತಿಗೆ ಹಾಕ್ಕೊಂಡಿದ್ದಾನೆ, ‘ಪೋಲೆಂಡಿನ ಫೈಟರ್ ಬಳಸುವ ಹೆಲ್ಮೆಟ್’ ಅಂತ. ತೆಗೀರಿ ಅಂತ ನಾಲ್ಕು ಸಲ ಬರೆದೆ. ಓದಿದ್ದಾನೆ ಅನ್ನೋ ಎರಡು ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ. ಹಳದಿ ಟೀಶರ್ಟು, ಹಿಂದೆ ಅಡುಗೆಮನೆ ಕಿಟಕಿ, ಹೆಬ್ಬೆರಳು ಎತ್ತಿ ನಿಂತಿರೋದು ನಾನೇ. ಪಾರ್ಸೆಲ್ ಬಿಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ. ಅದರ ಮೇಲೆ ಇನ್ನೂ ಒಂದು ಏಟೂ ಬಿದ್ದಿರಲಿಲ್ಲ.