ವೈಫೈ ಎಸಿ ತಗೊಳ್ಳುವ ಮುಂಚೆ ಇಂಟರ್ನೆಟ್ ಇಲ್ಲದೆ ನಡೆಯುತ್ತದಾ ಅಂತ ಕೇಳಿ

ಮನೆಯ ಆಟೊಮೇಷನ್‌ಗೆ ಜೋಡಿಸಬೇಕು ಅಂತ ವೈಫೈ ಎಸಿ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಮನೆಯಲ್ಲಿ ಹಾಸಿಗೆ ಹಿಡಿದವರೋ ಸಣ್ಣ ಮಕ್ಕಳೋ ಇದ್ದು, ಅವರ ಕೋಣೆಗೇ ಆ ಎಸಿ ಹಾಕುವುದಿದ್ದರೆ ಪೂರ್ತಿ ಓದಿ. ನಮ್ಮಲ್ಲಿ ದುಡ್ಡು ಹೋಯಿತು, ಅದು ಹಾಳಾಗಲಿ. ಅಪ್ಪ ಮಲಗುವ ಕೋಣೆಯ ಗೋಡೆಯಲ್ಲಿ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು.

ನಮ್ಮದು ಕಾರವಾರ, ಕೋಡಿಬಾಗದ ಕಡೆ. ಏಪ್ರಿಲ್, ಮೇ ತಿಂಗಳ ಇಲ್ಲಿಯ ಸೆಕೆ ಎಂಥದ್ದು ಅಂತ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯಷ್ಟು ಡಿಗ್ರಿ ಏರದಿದ್ದರೂ ಗಾಳಿಯಲ್ಲಿನ ತೇವಕ್ಕೆ ಮೈಯ ಬೆವರೇ ಆರುವುದಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಬಲಗೈ ಎತ್ತಲಾಗುವುದಿಲ್ಲ, ಮಾತೂ ಸ್ಪಷ್ಟವಿಲ್ಲ. ಸೆಕೆಯಾದರೂ ಚಳಿಯಾದರೂ ಹೇಳಿಕೊಳ್ಳುವುದು ಅವರಿಗೆ ಕಷ್ಟ. ಆಯಿಗೆ (ಅಮ್ಮನಿಗೆ) ರಿಮೋಟಿನ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಕೋಣೆಯ ಉಷ್ಣತೆ ನೋಡಿಕೊಂಡು ಎಸಿ ತಾನಾಗಿ ಶುರುವಾಗಬೇಕು, ರಾತ್ರಿ ತಂಪಾದ ಮೇಲೆ ತಾನಾಗಿ ನಿಲ್ಲಬೇಕು ಅನ್ನುವುದು ನಮ್ಮ ಮನೆಯಲ್ಲಿ ಶೋಕಿಯ ಮಾತಾಗಿರಲಿಲ್ಲ.

ಮನೆಯಲ್ಲಿ ಮೊದಲೇ ಹೋಮ್ ಅಸಿಸ್ಟೆಂಟ್ ಇತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, 2013ರಲ್ಲಿ ಶುರುವಾದ ಉಚಿತ, ಮುಕ್ತ ತಂತ್ರಾಂಶ ಅದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಕೂತು ಲೈಟು, ಬಾವಿಯ ಪಂಪು, ಸೆನ್ಸರುಗಳನ್ನೆಲ್ಲ ಮನೆಯೊಳಗಿಂದಲೇ ನಡೆಸುತ್ತದೆ. ಹೊರಗಿನ ಇಂಟರ್ನೆಟ್ ಹೋದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಈ ಗುಣಕ್ಕಾಗಿಯೇ ಅದನ್ನು ಹಾಕಿಸಿದ್ದು. ಎಸಿಯೂ ಹೀಗೇ ಅದರ ಕೈಗೆ ಸಿಗಬೇಕು ಅಂತ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ.

"ಸರ್, ವೈಫೈ ಮಾಡೆಲ್ ಇದು. ಮೊಬೈಲು, ವಾಯ್ಸು, ಆಟೊಮೇಷನ್ನು, ಎಲ್ಲದಕ್ಕೂ ಕನೆಕ್ಟ್ ಆಗ್ತದೆ" ಅಂದರು. ಬ್ರೋಷರಿನಲ್ಲೂ ಹಾಗೇ ಇತ್ತು. ಅದೇ ಒಂದೂವರೆ ಟನ್ನಿನ, ಅಷ್ಟೇ ಸ್ಟಾರಿನ ಮಾಮೂಲಿ ಎಸಿಗಿಂತ ವೈಫೈ ಇರುವುದಕ್ಕೆ ರೇಟು ಹೆಚ್ಚು. ಕೊಟ್ಟೆವು.

ಜೋಡಿಸುವಾಗಿನ ತಾಪತ್ರಯ ದೊಡ್ಡದಲ್ಲ, ಆದರೂ ತಿಳಿದಿರಲಿ. ಸಾಮಾನ್ಯವಾಗಿ ಎಸಿಗಳ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ರೌಟರು 2.4, 5 ಎರಡೂ ಬ್ಯಾಂಡಿಗೆ (ತರಂಗ ಪಟ್ಟಿಗೆ) ಒಂದೇ ಹೆಸರು ಇಟ್ಟುಕೊಂಡಿದ್ದು ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಜೋಡಣೆ ಅರ್ಧಕ್ಕೇ ನಿಂತುಬಿಡಬಹುದು. ನಮ್ಮ ಕಡೆಯ ಚಿರೇಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ಲೂ ಸೊರಗುತ್ತದೆ. ಮುಂಭಾಗದ ಕೋಣೆಯಲ್ಲಿದ್ದ ರೌಟರನ್ನು ನಡುಮನೆಗೆ ತಂದ ಮೇಲೆ ಅದು ಸರಿಹೋಯಿತು.

ನಿಜವಾದ ಸಮಸ್ಯೆ ಬೇರೆ ಇತ್ತು. ಈ ಎಸಿಗೆ ಮನೆಯೊಳಗಿನಿಂದ ನೇರವಾಗಿ ಆಜ್ಞೆ ಕೊಡುವ ದಾರಿಯೇ ಇಲ್ಲ! ಹೋಮ್ ಅಸಿಸ್ಟೆಂಟ್ "26ಕ್ಕೆ ಇಡು" ಅಂದರೆ ಆ ಮಾತು ರೌಟರಿನಿಂದ ಹೊರಟು, ಕೇಬಲ್ ಹಿಡಿದು ಎಲ್ಲೋ ದೂರದ ಕಂಪನಿ ಸರ್ವರಿಗೆ ಹೋಗಿ, ಅಲ್ಲಿಂದ ವಾಪಸ್ ನಮ್ಮ ಮನೆಗೆ ಬಂದು, ನಾಲ್ಕು ಮಾರು ಆಚೆ ಇರುವ ಎಸಿಗೆ ತಲುಪಬೇಕು. ಪಕ್ಕದ ಕೋಣೆಯವರ ಹತ್ತಿರ ನೀರು ಕೇಳಲು ಪರದೇಶಕ್ಕೆ ಕಾಗದ ಬರೆದ ಹಾಗೆ. ಎಲ್ಲ ಸರಿಯಿದ್ದಾಗ ಇದು ಗೊತ್ತೇ ಆಗುವುದಿಲ್ಲ, ಎರಡು ಸೆಕೆಂಡು ತಡ ಅಷ್ಟೇ. ಮೇ ತಿಂಗಳು ಹಾಗೆ ಕಳೆಯಿತು. ಅಪ್ಪ ರಾತ್ರಿ ಒಳ್ಳೆಯ ನಿದ್ದೆ ಮಾಡಿದರು. ಆಯಿ ಸಿಕ್ಕಿದವರ ಹತ್ತಿರವೆಲ್ಲ ಎಸಿಯ ಗುಣಗಾನ ಮಾಡಿದಳು.

ಮಳೆ ಶುರುವಾದ ಮೇಲೆ ನೋಡಿ. ಗಾಳಿಗೆ ಟೊಂಗೆ ಬಿದ್ದು ಫೈಬರ್ ಕೇಬಲ್ ತುಂಡಾಗುವುದು ನಮ್ಮಲ್ಲಿ ಹೊಸದಲ್ಲ. ಅಂಥದೊಂದು ರಾತ್ರಿ ಇಂಟರ್ನೆಟ್ ಹೋಗಿತ್ತು, ಕರೆಂಟ್ ಇತ್ತು. ಎಸಿ ಓಡುತ್ತಿತ್ತು. ನಸುಕಿನ ಮೂರಕ್ಕೆ ನಿಲ್ಲಬೇಕಾಗಿದ್ದದ್ದು ನಿಲ್ಲಲಿಲ್ಲ. ಹೋಮ್ ಅಸಿಸ್ಟೆಂಟ್ ಆಜ್ಞೆ ಕಳಿಸಿತ್ತು, ಅದು ಮನೆಯ ಹೊಸಿಲೇ ದಾಟಲಿಲ್ಲ. ಬೆಳಿಗ್ಗೆ ಆಯಿ ಹೋಗಿ ನೋಡಿದಾಗ ಅಪ್ಪನ ಹೊದಿಕೆ ಕಾಲಬುಡಕ್ಕೆ ಸರಿದಿತ್ತು, ಕೈ ತಣ್ಣಗಾಗಿತ್ತು, ಗದ್ದ ನಡುಗುತ್ತಿತ್ತು. ಎಳೆದುಕೊಳ್ಳಲು ಅವರಿಂದ ಆಗಿರಲಿಲ್ಲ. ಆಮೇಲೆ ಕೆಮ್ಮು, ಜ್ವರ, ಆಸ್ಪತ್ರೆ. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಅದು ಸಾಲದು ಅಂತ ಕಂಪನಿ ತನ್ನ ಹಳೆಯ ಆ್ಯಪ್ ನಿಲ್ಲಿಸಿ ಹೊಸ ಆ್ಯಪ್ ತಂದಿತು. ಹೊಸದರಲ್ಲಿ ಖಾತೆ ಬೇರೆ, ಸರ್ವರ್ ಬೇರೆ. ಹೋಮ್ ಅಸಿಸ್ಟೆಂಟಿನ ಜೊತೆ ಇದ್ದ ಜೋಡಣೆ ಒಂದು ಬೆಳಿಗ್ಗೆ ಸತ್ತೇಹೋಯಿತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ "ಹೊರಗಿನ ತಂತ್ರಾಂಶಕ್ಕೆ ನಮ್ಮ ಸಪೋರ್ಟ್ ಇಲ್ಲ" ಅಂದರು. ಅಂಗಡಿಯವರು "ಕಂಪನಿಯನ್ನೇ ಕೇಳಿ" ಅಂದರು. ಮಾರುವಾಗ ಎಲ್ಲದಕ್ಕೂ ಕನೆಕ್ಟ್ ಆಗುತ್ತದೆ ಅಂದದ್ದಕ್ಕೆ ಈಗ ಯಾರೂ ಹೊಣೆಯಲ್ಲ.

ಹೀಗಾಗುವುದು ನಮ್ಮೂರಿನಲ್ಲಿ ಮಾತ್ರವಲ್ಲ. 2024ರ ಜನವರಿಯಲ್ಲಿ ಹೈಯರ್ ಕಂಪನಿ ತನ್ನ ಉಪಕರಣಗಳನ್ನು ಹೋಮ್ ಅಸಿಸ್ಟೆಂಟಿಗೆ ಜೋಡಿಸುವ ಪ್ಲಗಿನ್ (ಸಣ್ಣ ತಂತ್ರಾಂಶ) ಬರೆದಿದ್ದ ಜರ್ಮನಿಯ ಡೆವಲಪರ್ ಒಬ್ಬರಿಗೆ, ಅದನ್ನು ತೆಗೆದುಹಾಕಿ ಅಂತ ಕಾನೂನು ಎಚ್ಚರಿಕೆ ಕಳಿಸಿತ್ತು. ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಕಂಪನಿ ಮೆತ್ತಗಾಯಿತು, ಮಾತುಕತೆಗೆ ಮುಂದಾಯಿತು. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರ ಯಾರ ಮಾತು ಕೇಳಬೇಕು ಅನ್ನುವುದು ಕ್ಲೌಡ್, ಅಂದರೆ ಕಂಪನಿಯ ಆ ದೂರದ ಸರ್ವರ್, ನಡುವೆ ಇರುವ ತನಕ ಕಂಪನಿಯ ಕೈಯಲ್ಲೇ ಇರುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇದೊಂದನ್ನಾದರೂ ನೆನಪಿಡಿ.

ಎಸಿ ಹಾಕಿಕೊಟ್ಟವರೇ ಒಂದು ಉಪಾಯ ಹೇಳಿದರು. "ವೈಫೈ ಬಿಡಿ ಸರ್, ಸ್ಮಾರ್ಟ್ ಪ್ಲಗ್ ಹಾಕುವಾ. ಟೈಮಿಗೆ ಸರಿಯಾಗಿ ಕರೆಂಟೇ ಕಟ್ ಆಗ್ತದೆ." ಮೇಲೆ 16 ಆಂಪಿಯರ್ ಅಂತ ಅಚ್ಚು ಹಾಕಿದ್ದ ಪ್ಲಗ್ ತಂದು ಅವರೇ ಚುಚ್ಚಿ ಹೋದರು. ರಾತ್ರಿ ಮೂರಕ್ಕೆ ಟಕ್ ಅಂತ ಎಸಿ ನಿಲ್ಲತೊಡಗಿತು.

ಜೂನ್ ಕೊನೆಯ ಹೊತ್ತಿಗೆ ಅಪ್ಪನ ಕೋಣೆಯಲ್ಲಿ ಮೀನಿನ ವಾಸನೆ ಶುರುವಾಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ನಮ್ಮಲ್ಲಿ ಮನೆಮನೆಯಲ್ಲೂ ಒಣಮೀನು. "ಪಕ್ಕದವರು ಬಂಗಡೆ ಸುಡ್ತಾ ಇದ್ದಾರೆ, ಕಿಟಕಿ ಹಾಕು" ಅಂದಳು ಆಯಿ. ಕಿಟಕಿ ಹಾಕಿದರೆ ವಾಸನೆ ಇನ್ನೂ ಜೋರಾಯಿತು. ಎಸಿ ಪಕ್ಕದ ಗೋಡೆಗೆ ಮೂಗು ತಂದಾಗ ಗೊತ್ತಾಯಿತು, ವಾಸನೆ ಬರುತ್ತಿದ್ದದ್ದು ಸಾಕೆಟ್ಟಿನಿಂದ. ಮೇನ್ ಆಫ್ ಮಾಡಿ ಪ್ಲಗ್ ಎಳೆದರೆ ಅದು ಸಾಕೆಟ್ಟಿಗೆ ಅಂಟಿಕೊಂಡಿತ್ತು. ಬಿಳಿ ಪ್ಲಾಸ್ಟಿಕ್ಕು ಪಿನ್ನಿನ ಸುತ್ತ ಚಹಾದ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತ್ತು. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು, ಬುಡದಲ್ಲಿ ಕಪ್ಪು. ಅಪ್ಪನ ಮಂಚದ ತಲೆದಿಂಬು ಅಲ್ಲಿಂದ ಒಂದು ಮೊಳ ದೂರ.

ಸ್ವಿಚ್ಚು, ಸಾಕೆಟ್ಟುಗಳ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಬರುವ ವಾಸನೆ ಎಷ್ಟೋ ಸಲ ಮೀನಿನ ವಾಸನೆಯ ಹಾಗೇ ಇರುತ್ತದೆ. ಬೇರೆ ಊರಿನವರಿಗೆ ತಕ್ಷಣ ಅನುಮಾನ ಬಂದೀತು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಮೀನಿನ ವಾಸನೆ ಬಂದರೆ ಯಾರು ಹೆದರುತ್ತಾರೆ? ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅಡುಗೆಮನೆಯಲ್ಲಿ ಮೀನಿಲ್ಲದ ಹೊತ್ತಿನಲ್ಲಿ ಮಲಗುವ ಕೋಣೆಯಲ್ಲಿ ಆ ವಾಸನೆ ಬಂದರೆ ನೆರೆಮನೆ ಕಡೆ ನೋಡಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ.

ಯಾಕೆ ಹೀಗಾಯಿತು ಅಂತ ಆಮೇಲೆ ಬಂದ ಹಿರಿಯ ಇಲೆಕ್ಟ್ರಿಷಿಯನ್ ಒಬ್ಬರು ವಿವರಿಸಿದರು. ಒಂದೂವರೆ ಟನ್ ಎಸಿ ಪೂರ್ತಿ ಓಡುವಾಗ ಸುಮಾರು 1,500 ವ್ಯಾಟ್‌ಗೂ ಮೇಲೆ, ಅಂದರೆ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದೂ ತಾಸುಗಟ್ಟಲೆ. ಪ್ಲಗ್ಗಿನ ಮೇಲೆ ಬರೆದ 16 ಆಂಪಿಯರ್ ಸಾಮಾನ್ಯವಾಗಿ ಗೀಸರಿನಂಥ ಸಾದಾ ಲೋಡಿನ ಲೆಕ್ಕ, ಮೋಟರು ಕಂಪ್ರೆಸರುಗಳ ಲೆಕ್ಕ ಅಲ್ಲ. ಜೊತೆಗೆ ನಮ್ಮ ಉಪ್ಪುಗಾಳಿ. ಪಿನ್ನು, ಸ್ಕ್ರೂಗಳಿಗೆ ಕಿಲುಬು ಹಿಡಿದರೆ ಸಂಪರ್ಕ ಸಡಿಲ, ಸಡಿಲವಾದಲ್ಲಿ ಶಾಖ, ಶಾಖಕ್ಕೆ ಇನ್ನಷ್ಟು ಸಡಿಲ.

ಪ್ಲಗ್ ಸುಡದಿದ್ದರೂ ಹೀಗೆ ಕರೆಂಟ್ ಕಡಿಯುವುದು ಎಸಿಗೇ ಒಳ್ಳೆಯದಲ್ಲ. ನಿಂತ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬಿಡುವು ಬೇಕು. ರಿಮೋಟಿನಿಂದ ಆಫ್ ಮಾಡಿದರೆ ಎಸಿಯ ಬೋರ್ಡು ಕ್ರಮ ಪ್ರಕಾರ ಎಲ್ಲವನ್ನೂ ನಿಲ್ಲಿಸುತ್ತದೆ. ಓಡುತ್ತಿರುವಾಗಲೇ ದಿನಾ ಕರೆಂಟ್ ಕಿತ್ತುಕೊಂಡರೆ ಆ ಕ್ರಮಕ್ಕೆ ಅವಕಾಶವೇ ಇಲ್ಲ. ಇನ್ನೊಂದು ವಿಷಯವೂ ಇದೆ. ಪ್ಲಗ್ ಮತ್ತೆ ಆನ್ ಆದ ಮಾತ್ರಕ್ಕೆ ಎಸಿ ಆನ್ ಆಗಬೇಕೆಂದಿಲ್ಲ. ಆಟೊ ರೀಸ್ಟಾರ್ಟ್ (ಕರೆಂಟ್ ಬಂದ ಕೂಡಲೇ ಮೊದಲಿನ ಸ್ಥಿತಿಗೆ ಮರಳುವ ಸೌಲಭ್ಯ) ಇಲ್ಲದ ಎಸಿ ಸುಮ್ಮನೆ ಕೂತಿರುತ್ತದೆ, ಅದು ಇರುವ ಎಸಿ ಕರೆಂಟ್ ಹೋಗಿ ಬಂದಾಗಲೆಲ್ಲ ಯಾರಿಗೂ ಬೇಡದಿದ್ದರೂ ಓಡುತ್ತದೆ. ನಮ್ಮ ಔಟ್‌ಡೋರ್ ಯೂನಿಟ್ಟಿನ ಬೋರ್ಡು ಅದೇ ಮಳೆಗಾಲದಲ್ಲಿ ಹೋಯಿತು. ಸರ್ವಿಸಿಗೆ ಬಂದವರು ಜಾಬ್ ಶೀಟಿನಲ್ಲಿ "ಹೊರಗಿನ ಉಪಕರಣ ಜೋಡಿಸಲಾಗಿದೆ" ಅಂತ ಬರೆದರು. ವಾರಂಟಿ ಸಿಗಲಿಲ್ಲ.

ಈಗ ಅದೇ ಎಸಿ ಬೇರೆ ರೀತಿಯಲ್ಲಿ ನಡೆಯುತ್ತಿದೆ. ಅದರ ವೈಫೈ ಬಂದ್ ಮಾಡಿದ್ದೇನೆ. ಇಎಸ್‌ಪಿ32 ಅನ್ನುವ ಕೆಲವೇ ನೂರು ರೂಪಾಯಿಯ ಚಿಪ್ಪಿಗೆ ಇನ್‌ಫ್ರಾರೆಡ್ (ಐಆರ್, ರಿಮೋಟ್ ಬಳಸುವ ಕಾಣದ ಬೆಳಕು) ಎಲ್‌ಇಡಿ ಕೂಡಿಸಿ, ಇಎಸ್‌ಪಿಹೋಮ್ ಅನ್ನುವ ಉಚಿತ ತಂತ್ರಾಂಶ ಹಾಕಿ, ಎಸಿಗೆ ಎದುರಾಗಿ ಗೋಡೆಗೆ ಅಂಟಿಸಿದ್ದೇವೆ. ಅದು ಮನೆಯ ವೈಫೈನಲ್ಲೇ ಹೋಮ್ ಅಸಿಸ್ಟೆಂಟಿನ ಆಜ್ಞೆ ಪಡೆದು, ಎಸಿ ಜೊತೆ ರಿಮೋಟಿನ ಭಾಷೆಯನ್ನೇ ಮಾತಾಡುತ್ತದೆ. ಎಸಿ ರಿಮೋಟಿನಲ್ಲಿ ಒಂದು ಅನುಕೂಲ ಇದೆ. ಟಿವಿ ರಿಮೋಟಿನ ಹಾಗೆ ಬರೀ ಒತ್ತಿದ ಗುಂಡಿಯನ್ನು ಕಳಿಸುವುದಿಲ್ಲ. ಸಾಮಾನ್ಯವಾಗಿ ಪ್ರತಿ ಸಲವೂ ಮೋಡು, ಉಷ್ಣತೆ, ಫ್ಯಾನು, ಆನೋ ಆಫೋ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಹಾಗಾಗಿ ಲೆಕ್ಕ ತಪ್ಪುವುದು ಕಡಿಮೆ. ಅದೇ ಚಿಪ್ಪಿಗೆ ಐಆರ್ ರಿಸೀವರ್ ಕೂಡಿಸಿದರೆ ಆಯಿ ಕೈಯಾರೆ ರಿಮೋಟ್ ಒತ್ತಿದ್ದೂ ಹೋಮ್ ಅಸಿಸ್ಟೆಂಟಿಗೆ ತಿಳಿಯುತ್ತದೆ. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಸಿದ್ಧವಾಗಿ ಸಿಗುವ ಅಗ್ಗದ ಐಆರ್ ಬ್ಲಾಸ್ಟರುಗಳಲ್ಲಿ ಎಷ್ಟೋ ಮತ್ತೆ ಕ್ಲೌಡನ್ನೇ ನೆಚ್ಚಿಕೊಂಡಿರುತ್ತವೆ, ಅದನ್ನು ತಂದು ಮೊದಲಿನ ಜಾಗಕ್ಕೇ ಬರಬೇಡಿ.

ಐಆರ್ ಏಕಮುಖ. ಎಸಿ ನಿಜವಾಗಿ ನಿಂತಿತೋ ಇಲ್ಲವೋ ಅದು ಹೇಳುವುದಿಲ್ಲ. ಅಪ್ಪನ ವಿಷಯದಲ್ಲಿ ಅಷ್ಟು ನಂಬಿಕೆ ಮೇಲೆ ಬಿಡಲು ನನಗೆ ಮನಸ್ಸಿಲ್ಲ. ಇಲೆಕ್ಟ್ರಿಷಿಯನ್ ಕೈಯಿಂದ ಡಿಬಿ (ಮನೆಯ ಫ್ಯೂಸ್ ಪೆಟ್ಟಿಗೆ) ಒಳಗೆ ಎಸಿಯ ಫೇಸ್ ವಾಯರಿಗೆ ಸಿಟಿ ಕ್ಲ್ಯಾಂಪ್, ಅಂದರೆ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಅಳೆಯುವ ಸಾಧನ, ಹಾಕಿಸಿದೆವು. ಅದು ಒಂದೇ ವಾಯರನ್ನು ಸುತ್ತಬೇಕು, ಫೇಸು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಏನೂ ತೋರಿಸುವುದಿಲ್ಲ. ಆಫ್ ಆಜ್ಞೆ ಹೋದ ಮೇಲೂ ಕರೆಂಟ್ ಎಳೆತ ಇಳಿಯದಿದ್ದರೆ ಆಜ್ಞೆ ಮತ್ತೆ ಹೋಗುತ್ತದೆ. ಆಗಲೂ ಇಳಿಯದಿದ್ದರೆ ನನ್ನ ಕೋಣೆಯಲ್ಲಿ ಬೆಲ್ ಬಾರಿಸುತ್ತದೆ. ಸಾಕೆಟ್ಟನ್ನೇ ತೆಗೆಸಿ ಎಸಿಗೆ ಪ್ರತ್ಯೇಕ ಎಂಸಿಬಿಯಿಂದ (ಸುರಕ್ಷಾ ಸ್ವಿಚ್ಚಿನಿಂದ) ನೇರ ಲೈನು ಕೊಡಿಸಿದ್ದೇವೆ. ರೌಟರಿಗೂ ಪೈಗೂ ಸಣ್ಣ ಯುಪಿಎಸ್ ಇದೆ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ "ವೈಫೈ ಇದೆಯಾ" ಅಂತ ಕೇಳಬೇಡಿ, ಅದಕ್ಕೆ ಹೌದು ಅನ್ನುವುದು ಸುಲಭ. "ಇಂಟರ್ನೆಟ್ ಇಲ್ಲದೆ ಮನೆಯ ವೈಫೈ ಒಂದರಲ್ಲೇ ನಡೆಯುತ್ತದಾ" ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಉಪಕರಣಗಳು ಒಟ್ಟಿಗೆ ಕೆಲಸ ಮಾಡಲು ಇರುವ ಮ್ಯಾಟರ್ ಅನ್ನುವ ಸಾಮಾನ್ಯ ಮಾನದಂಡಕ್ಕೆ 2023ರ ಅಕ್ಟೋಬರಿನಲ್ಲಿ ಬಂದ 1.2 ಆವೃತ್ತಿಯಿಂದ ಕೋಣೆಯ ಎಸಿಗಳೂ ಸೇರಿವೆ. ಅದು ಮನೆಯ ನೆಟ್‌ವರ್ಕಿನೊಳಗೇ ಕೆಲಸ ಮಾಡುತ್ತದೆ. ಆ ಗುರುತು ಇರುವ ಮಾಡೆಲ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ವೈಫೈಗೆ ಹೆಚ್ಚು ಕೊಡದೆ ಮಾಮೂಲಿ ಎಸಿ ತಂದು ಐಆರ್ ಹಾಕಿ. ವೈಫೈ ಎಸಿಯನ್ನೇ ತಂದಿದ್ದರೆ ಜೋಡಿಸಿದ ದಿನವೇ, ಹಾಕಲು ಬಂದವರು ಇನ್ನೂ ಮನೆಯಲ್ಲಿರುವಾಗಲೇ, ರೌಟರಿನ ಹಿಂದಿನ ಫೈಬರ್ ವಾಯರು ತೆಗೆದು, ರಿಮೋಟ್ ಮುಟ್ಟದೆ ಎಸಿ ಆರಿಸಲು ಹೇಳಿ. ಅದರ ವಿಡಿಯೊ ಮಾಡಿಟ್ಟುಕೊಳ್ಳಿ.

ಈಗಾಗಲೇ ಎಸಿಗೆ ಸ್ಮಾರ್ಟ್ ಪ್ಲಗ್ ಹಾಕಿಸಿಕೊಂಡವರು ಇವತ್ತೇ ಮೇನ್ ಆಫ್ ಮಾಡಿ ಅದನ್ನು ಕಿತ್ತು ಪಿನ್ನಿನ ಬುಡ ನೋಡಿ. ಬಣ್ಣ ತಿರುಗಿದ್ದರೆ ಸಾಕೆಟ್ಟನ್ನೂ ಬದಲಾಯಿಸಿ. ಅಂಗಡಿಯವರು ಹೇಳಿದ್ದೊಂದು, ಕೊಟ್ಟದ್ದೊಂದು ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ಮಾಡಿದ್ದೇನೆ, ದೂರು ದಾಖಲಾಗಿದೆ. ಬಿಲ್ಲು, ಬ್ರೋಷರು, ಜಾಬ್ ಶೀಟು ಮೂರೂ ಬೇಕಾಗುತ್ತವೆ, ಬಿಸಾಡಬೇಡಿ.