ಅಡುಗೆಮನೆಯ ಡಿಜಿಟಲ್ ತಕ್ಕಡಿ: ಹಿಟ್ಟು, ಬೆಲ್ಲಕ್ಕೆ ಬೇಕೇ ಬೇಕು

ಐದು ಕೆಜಿವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ, ಸೆಲ್ ಹಾಕುವ ಸಾದಾ ತಕ್ಕಡಿ ಇದು. ವರ್ಷಗಟ್ಟಲೆ ದಿನಬಳಕೆಯಲ್ಲಿದೆ. ರಾಯಚೂರು, ಕೊಪ್ಪಳದ ಕಡೆಯ ಅಡುಗೆಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹೆಚ್ಚು ಉಪಯೋಗ ಜೋಳದ ಹಿಟ್ಟಿಗೆ. 240 ಮಿಲಿ ಕಪ್ಪಿಗೆ ಜರಡಿ ಹಿಡಿದ ಹಿಟ್ಟನ್ನು ಚಮಚದಲ್ಲಿ ಸುರಿದರೆ ಸುಮಾರು 120 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ಒತ್ತಿ ತುಂಬಿದರೆ 150ರ ಹತ್ತಿರ ಹೋಗುತ್ತದೆ. ಎಸರು ಅಷ್ಟೇ ಇದ್ದು ಹಿಟ್ಟು ಹೆಚ್ಚಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಕಡಿಮೆಯಾದರೆ ಕೈಗೆ ಅಂಟುತ್ತದೆ. ಹೋಳಿಗೆಯ ಹೂರಣದ್ದೂ ಇದೇ ಕಥೆ. ಕಡಲೆಬೇಳೆ ಒಂದು ಕಪ್ ಸುಮಾರು 200 ಗ್ರಾಂ. ಕುಟ್ಟಿದ ಬೆಲ್ಲ ಸಡಿಲವಾಗಿದ್ದರೆ 150, ಒತ್ತಿದರೆ 200. 'ಸಮಸಮ' ಅನ್ನುವುದನ್ನು ತೂಕದಲ್ಲೇ ಹಿಡಿಯಬೇಕು.

ಮಿಲಿ ತೋರಿಸುವ ಬಟನ್ ನಂಬಬೇಡಿ. ಅದು ಅಳತೆ ಮಾಡುವುದಿಲ್ಲ, ತೂಕವನ್ನೇ ನೀರಿನ ಲೆಕ್ಕಕ್ಕೆ ತಿರುಗಿಸುತ್ತದೆ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಅಚ್ಚಾಗಿರುತ್ತದೆ, ನೋಡಿ. 100 ಮಿಲಿ ಎಣ್ಣೆ ಬೇಕಿದ್ದರೆ ಗ್ರಾಂನಲ್ಲಿಟ್ಟು 91ಕ್ಕೆ ನಿಲ್ಲಿಸಿ.

ಉಪ್ಪು, ಸೋಡಾಕ್ಕೆ ಈ ತಕ್ಕಡಿ ಬೇಡ. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಎಷ್ಟೋ ಸಲ ಅಂಕಿ ಸೊನ್ನೆಯಲ್ಲೇ ನಿಲ್ಲುತ್ತದೆ, ಏಕೆಂದರೆ ನಿಧಾನದ ಸಣ್ಣ ಬದಲಾವಣೆಯನ್ನು ಯಂತ್ರ ತಾನೇ ಸೊನ್ನೆ ಮಾಡಿಕೊಳ್ಳುತ್ತದೆ. 5 ಮಿಲಿ ಟೀ ಚಮಚವೇ ವಾಸಿ: ಪುಡಿ ಉಪ್ಪು ಸಮತಟ್ಟಾಗಿ ಒಂದು ಚಮಚ ಸುಮಾರು 6 ಗ್ರಾಂ. ಖಾರದಪುಡಿಯಂಥದ್ದನ್ನು ತೂಗಲೇಬೇಕಾದರೆ ಡಬ್ಬಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ಹೊರತೆಗೆಯಿರಿ. ಮೈನಸ್‌ನಲ್ಲಿ ಬರುವ ಅಂಕಿಯೇ ತೆಗೆದ ತೂಕ.

ಬೇಸಿಗೆಯಲ್ಲಿ ನಮ್ಮ ಕಡೆ ಫ್ಯಾನ್ ಇಲ್ಲದೆ ನಿಲ್ಲಲಾಗದು, ಆದರೆ ಅಗಲ ಪರಾತ ಇಟ್ಟಾಗ ಅದರ ಗಾಳಿಗೇ ಕೊನೆಯ ಅಂಕಿ ಕುಣಿಯುತ್ತದೆ. ತೂಗುವಾಗ ಫ್ಯಾನ್ ಆರಿಸಿ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡಬೇಡಿ, ಒಳಗಿನ ಸೆನ್ಸರ್ ಬಿಸಿಯಾದರೆ ತೂಕ ಜಾರುತ್ತದೆ. ತಟ್ಟೆಯ ಕೆಳಗಿನ ಸಂದಿಯಲ್ಲಿ ಹಿಟ್ಟು ಗಟ್ಟಿಯಾದರೆ ಪಾತ್ರೆ ತೆಗೆದ ಮೇಲೂ ಅಂಕಿ ಸೊನ್ನೆಗೆ ಮರಳುವುದಿಲ್ಲ. ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡ. ಅನುಮಾನ ಬಂದರೆ ಎರಡು ಬಣ್ಣದ 10 ರೂಪಾಯಿ ನಾಣ್ಯ ಹತ್ತು ಇಡಿ, 77 ಗ್ರಾಂ ಬರಬೇಕು. ಬರದಿದ್ದರೆ ಮೊದಲು ಸೆಲ್ ಬದಲಿಸಿ.

ಮನೆಯ ಹಳೆ ಸೇರು, ಪಾವು, ಸ್ಟೀಲ್ ಲೋಟ ಯಾವುದೂ ಒಂದೇ ಅಳತೆಯಲ್ಲ. ಖಾಲಿ ಇಟ್ಟು ಸೊನ್ನೆ ಮಾಡಿ, ಕಂಠಮಟ್ಟ ನೀರು ತುಂಬಿ. ಬಂದ ಗ್ರಾಂ ಅದರ ಮಿಲಿ. ಒರೆಸಿ ಒಣಗಿಸಿ, ಅಕ್ಕಿ, ತೊಗರಿಬೇಳೆ, ರವೆ, ಸಕ್ಕರೆ ಒಂದೊಂದಾಗಿ ತುಂಬಿ ತೂಕ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಕರೆಂಟಿನ ರೈಸ್ ಕುಕ್ಕರ್ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿಲಿ, ಅಕ್ಕಿಯಲ್ಲಿ ಸುಮಾರು 150 ಗ್ರಾಂ. ಅದನ್ನು 240ರ ಕಪ್ ಅಂದುಕೊಂಡು ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ.

ಅಕ್ಕಿಗೆ ದಿನಾ ತೂಕ ಬೇಕಿಲ್ಲ. ಕಾಳು ಒತ್ತಿದರೂ ಹೆಚ್ಚು ಕುಗ್ಗದು, ಲೋಟವೇ ಸಾಕು. ಗಂಗಾವತಿಯ ಸೋನಾ ಮಸೂರಿ ಹೊಸದಾಗಿದ್ದರೆ ನೀರು ಕಡಿಮೆ, ಹಳೆಯದಾಗಿದ್ದರೆ ಜಾಸ್ತಿ. ಅದನ್ನು ಯಾವ ತಕ್ಕಡಿಯೂ ಹೇಳುವುದಿಲ್ಲ.