ಡ್ರೋನ್ ಡೆಲಿವರಿ, 14 ತಿಂಗಳ ಬಳಕೆ: ನಮ್ಮ ಹಿತ್ತಿಲಿಗೆ ಅನುಕೂಲ, ಪಕ್ಕದ ಬೀದಿಗೆ ಸದ್ದು

ಡಲ್ಲಾಸ್ ಪಕ್ಕದ ನಮ್ಮ ಊರಿಗೆ ಡ್ರೋನ್ ಡೆಲಿವರಿ ಬಂದು 14 ತಿಂಗಳಾಯಿತು. ಅಂದಿನಿಂದ ವಾರಕ್ಕೆ ಎರಡು ಸಲವಾದರೂ ತರಿಸುತ್ತಿದ್ದೇನೆ. ಮೊಸರು, ಕೊತ್ತಂಬರಿ, ಮಗನ ಜ್ವರದ ಸಿರಪ್, ತುಪ್ಪ ಕಾಯಿಸಲು ಉಪ್ಪಿಲ್ಲದ ಬೆಣ್ಣೆ. ಸೂಪರ್‌ಮಾರ್ಕೆಟ್‌ನ ಪಾರ್ಕಿಂಗ್ ಜಾಗದಿಂದ ಡ್ರೋನ್ ಹೊರಡುತ್ತದೆ. ನಮ್ಮ ಹಿತ್ತಿಲ ಮೇಲೆ ಬಂದು ನಿಂತು, ದಾರದಲ್ಲಿ ಪೊಟ್ಟಣ ಇಳಿಸಿ ಹೋಗುತ್ತದೆ. 20 ನಿಮಿಷದೊಳಗೆ ಸಾಮಾನು ಕೈಯಲ್ಲಿ. ಮೊಟ್ಟೆ ಎಷ್ಟೋ ಸಲ ತರಿಸಿದ್ದೇನೆ, ಒಂದೂ ಒಡೆದಿಲ್ಲ.

ಗ್ಯಾಲನ್ ಹಾಲಿನ ಕ್ಯಾನ್ ಬರುವುದಿಲ್ಲ, ಅಷ್ಟು ಭಾರ ಹೊರುವುದಿಲ್ಲ. ಗಾಳಿ ಜೋರಿದ್ದರೆ, ಗುಡುಗು ಸಿಡಿಲಿದ್ದರೆ ಸೇವೆ ಬಂದ್. ವಸಂತದಲ್ಲಿ ಇಲ್ಲಿ ಅಂಥ ದಿನಗಳೇ ಜಾಸ್ತಿ. ಒಮ್ಮೆ ಪೊಟ್ಟಣ ಪಕ್ಕದ ಮನೆಯ ಈಜುಕೊಳದ ಅಂಚಿಗೆ ಇಳಿಯಿತು, ಹಣ ಅದೇ ದಿನ ವಾಪಸ್ ಬಂತು.

ಇಷ್ಟೇ ಆಗಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಹಾಸನದಿಂದ ಅಮ್ಮ ಬಂದ ಮೇಲೆ ನನ್ನ ಲೆಕ್ಕ ಬದಲಾಯಿತು.

ಅಮ್ಮ ತಲೆಗೆ ಸ್ನಾನ ಮಾಡಿ, ಕೂದಲು ಒಣಗಿಸಲು ಹಿತ್ತಿಲ ಬಿಸಿಲಲ್ಲಿ ಕೂರುತ್ತಿದ್ದರು. ಡ್ರೋನ್ ಸದ್ದು ಕೇಳಿದರೆ ಸಾಕು, ಎದ್ದು ಒಳಗೆ ಬರುತ್ತಿದ್ದರು. "ಅದಕ್ಕೆ ಕಣ್ಣಿದೆ ಅಲ್ವೇನೋ?" ಎಂದರು. ಕ್ಯಾಮೆರಾ ಇರುವುದು ದಾರಿ ನೋಡಿಕೊಳ್ಳಲು, ಯಾರೂ ಕೂತು ನೋಡುತ್ತಿರುವುದಿಲ್ಲ ಅಂತ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ನಾಲ್ಕೇ ದಿನಕ್ಕೆ ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟರು. ನನಗೆ ಬೇಜಾರಾಯಿತು. ಆ ಡ್ರೋನ್‌ಗಳಲ್ಲಿ ಹೆಚ್ಚಿನವು ನಮ್ಮ ಮನೆಗೆ ಬಂದವಲ್ಲ, ಸುಮ್ನೆ ಮೇಲೆ ಹಾದು ಹೋಗುವವು. ಬಟನ್ ಒತ್ತುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ.

ಕನ್ನಡ ಕೂಟದಲ್ಲಿ ಪರಿಚಯವಾದ ಅಕ್ಕ ಒಬ್ಬರು ಆ ಪಾರ್ಕಿಂಗ್ ಜಾಗದ ಹಿಂದಿನ ಬೀದಿಯಲ್ಲೇ ಇದ್ದಾರೆ. ನರ್ಸ್, ರಾತ್ರಿ ಪಾಳಿ. ಹಗಲು ನಿದ್ದೆ ಮಾಡಬೇಕು. ಒಂದು ಶನಿವಾರ ಅವರ ಮನೆಯಲ್ಲಿ ಕೂತು ಎಣಿಸಿದೆ: ಒಂದು ಗಂಟೆಯಲ್ಲಿ 22 ಸಲ. ನಮ್ಮ ಮನೆಯಲ್ಲಿ ಅರ್ಧ ನಿಮಿಷದ ಗುಂಯ್ ಸದ್ದು. ಅವರಿಗೆ ಮಾತ್ರ ಅದು ಮುಗಿಯುವುದೇ ಇಲ್ಲ, ಅದೂ ಕಿವಿ ಕೊರೆಯುವ ಸಣ್ಣ ದನಿ. ಅಕ್ಕ ಒಂದು ಸಲವೂ ಡ್ರೋನ್‌ನಲ್ಲಿ ಏನನ್ನೂ ತರಿಸಿದವರಲ್ಲ.

ಇದು ನಮ್ಮ ಬಡಾವಣೆಯ ಕಥೆ ಮಾತ್ರ ಅಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಬಾನಿಥನ್ ಎಂಬ ಬಡಾವಣೆಯಲ್ಲಿ 2018ರಲ್ಲಿ ವಿಂಗ್ ಕಂಪನಿ ಡ್ರೋನ್ ಹಾರಿಸಿ ನೋಡಿತು. ಸದ್ದು ತಡೆಯಲಾಗದೆ ಜನ ಸಂಘ ಕಟ್ಟಿಕೊಂಡರು. ಅಲ್ಲಿನ ಶಾಸನಸಭೆ ವಿಚಾರಣೆಯನ್ನೂ ನಡೆಸಿತು. ಆಮೇಲೆ ಕಂಪನಿ ಸದ್ದು ಕಡಿಮೆ ಇರುವ ಡ್ರೋನ್ ತಂದಿತು. ನಮ್ಮದೇ ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಅಮೆಜಾನ್ ದಿನದ ಹಾರಾಟವನ್ನು 200ರಿಂದ 469ಕ್ಕೆ ಏರಿಸಲು ಅನುಮತಿ ಕೇಳಿತು. 2024ರಲ್ಲಿ ಊರಿನ ಮೇಯರ್ ಜನರ ದೂರನ್ನು ವಿಮಾನಯಾನ ಇಲಾಖೆ ಎಫ್‌ಎಎಗೆ ಪತ್ರದಲ್ಲಿ ಬರೆದು ತಿಳಿಸಿದರು. ಎರಡೂ ಕಡೆ ಜನ ಮಾತಾಡಿದ್ದಕ್ಕೇ ಇವೆಲ್ಲ ಆಗಿದ್ದು.

ಅಮೆರಿಕದಲ್ಲಿ ಆಕಾಶದ ನಿಯಮ ಎಫ್‌ಎಎ ಕೈಯಲ್ಲಿದೆ, ಊರಿನ ಕೌನ್ಸಿಲ್ ಕೈಯಲ್ಲಿಲ್ಲ. ಆದರೆ ಡ್ರೋನ್ ಯಾವ ಜಾಗದಿಂದ ಏಳಬೇಕು ಎಂಬಲ್ಲಿ, ಅಂದರೆ ಜಮೀನಿನ ಬಳಕೆಯ ವಿಷಯದಲ್ಲಿ, ಕೌನ್ಸಿಲ್ ಮಾತು ನಡೆಯುತ್ತದೆ. ನಿಮ್ಮ ಕಡೆ ಈ ಸೇವೆ ಹೊಸದಾಗಿ ಬರುತ್ತಿದ್ದರೆ ಅದರ ಬಗ್ಗೆ ನಡೆಯುವ ಕೌನ್ಸಿಲ್ ಸಭೆಗೆ ತಪ್ಪದೆ ಹೋಗಿ. ಏಳುವ ಜಾಗಕ್ಕೂ ಹತ್ತಿರದ ಮಲಗುವ ಕೋಣೆಗೂ ಎಷ್ಟು ದೂರ, ಬೆಳಗ್ಗೆ ಎಷ್ಟು ಗಂಟೆಗೆ ಶುರು, ಎಲ್ಲ ಡ್ರೋನ್‌ಗಳೂ ಒಂದೇ ಬೀದಿ ಮೇಲೆ ಹೋಗುತ್ತವಾ ಅಂತ ಕೇಳಿ. ನಮ್ಮಲ್ಲಿ ಸಭೆ ನಡೆದಾಗ ನಾನು ಹೋಗಲಿಲ್ಲ. ಹೋಗಬೇಕಿತ್ತು.

ಸಾಮಾನು ತಲುಪಿಸುವುದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅಕ್ಕಪಕ್ಕದವರನ್ನು ನಡೆಸಿಕೊಂಡ ರೀತಿಗೆ ಎರಡು. ಜ್ವರದ ಔಷಧಿಗೆ ಈಗಲೂ ತರಿಸುತ್ತೇನೆ. ಕೊತ್ತಂಬರಿಗೆ ಕಾರಲ್ಲೇ ಹೋಗುತ್ತೇನೆ. ಹಾರುವ ದಾರಿಗಳನ್ನು ನಾಲ್ಕೈದು ಬೀದಿಗಳಿಗೆ ಹಂಚಿ ಎಂದು 31 ಮನೆಯವರು ಸಹಿ ಹಾಕಿ ಕಂಪನಿಗೆ ಕೊಟ್ಟಿದ್ದೇವೆ. ಅಮ್ಮ ಮಾರ್ಚ್‌ನಲ್ಲಿ ಮತ್ತೆ ಬರುತ್ತಾರೆ. ಅಷ್ಟರೊಳಗೆ ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.